ಓಬಳೇಶನ ಬೆಕ್ಕು ನುಂಗಿದ ಮದ್ದು

ನನ್ನ ತಮ್ಮನ ಬೆಕ್ಕಿನ ಮುಖಕ್ಕೆ ಅವನ ಹೆಂಡತಿ ಒಂದು ಚೊಂಬು ನೀರು ಎರಚಿದ್ದನ್ನು ನಾನು ಕಣ್ಣಾರೆ ಕಂಡೆ. ಯಾರೋ ಹೇಳಿ ಕೇಳಿದ್ದಲ್ಲ. ರಾಗಿಹಿಟ್ಟಿನ ಚೀಲ ಹಿಡಿದುಕೊಂಡು ಹಿತ್ತಿಲ ಕಡೆಯಿಂದ ಹೋಗಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಬೆಕ್ಕು ಅವಳ ಕಾಲಿಗೆ ಮೈ ತಿಕ್ಕಿಕೊಂಡು ನಿಂತಿತ್ತು, ಅದರ ತಪ್ಪು ಅಷ್ಟೇ. ಅವಳು ಅತ್ತಿತ್ತ ನೋಡಿದಳು. ಯಾರೂ ಇಲ್ಲವೆಂದು ಗಟ್ಟಿಮಾಡಿಕೊಂಡು ಚೊಂಬೆತ್ತಿ ಎರಚಿದಳು. ಬೆಕ್ಕು ತೊಯ್ದು ತೊಪ್ಪೆಯಾಗಿ ಒಗೆಯುವ ಕಲ್ಲಿನ ಹಿಂದಕ್ಕೆ ಓಡಿತು. "ಹೋಗತ್ಲಾಗೆ, ನನ್ನ ಹತ್ರ ಬರಬೇಡ" ಎಂದಳು. ನಾನು ಕೆಮ್ಮಿದೆ. ಅವಳು ತಟ್ಟನೆ ತಿರುಗಿ ಸೆರಗು ಎಳೆದು ಸರಿಮಾಡಿಕೊಂಡು, "ಅಯ್ಯೋ ಅಕ್ಕ, ಯಾವಾಗ ಬಂದ್ರಿ?" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಬೇರೆ ಊರಿನಲ್ಲಾದರೆ ಬೆಕ್ಕಿಗೆ ನೀರು ಎರಚಿದ್ದು ಒಂದು ಸಂಗತಿಯೇ ಅಲ್ಲ. ನಮ್ಮೂರಿನಲ್ಲಿ ಮದ್ದು ನುಂಗುವುದು ಬೆಕ್ಕು, ಗುಣವಾಗುವುದು ಮನುಷ್ಯನಿಗೆ. ಮಗುವಿಗೆ ಹೆಸರಿಟ್ಟ ದಿನವೇ ತೊಡೆಯ ಮೇಲೆ ಒಂದು ಮರಿಯನ್ನು ಬಿಡುತ್ತಾರೆ. ಆ ಬೆಕ್ಕು ತೀರಿಕೊಂಡರೆ ಇನ್ನೊಂದು ಮರಿ. ಮಗುವಿಗೆ ಕೆಮ್ಮಾದರೆ ತಾಯಿ ಬೆಕ್ಕಿನ ದವಡೆ ಅಗಲಿಸಿ ಔಷಧಿ ಹುಯ್ಯುತ್ತಾಳೆ, ಮಗು ಸಂಜೆಯ ಹೊತ್ತಿಗೆ ಆಟಕ್ಕೆ ಏಳುತ್ತದೆ. ನಮ್ಮ ಔಷಧದಂಗಡಿಯಲ್ಲಿ ಜ್ವರದ ಬಿಳಿ ಮಾತ್ರೆ ಸಿಗುವುದಿಲ್ಲ, ಇಟ್ಟರೆ ಅಂಗಡಿಯವನಿಗೆ ಊರೇ ಸೇರಿ ಉಗಿಯುತ್ತದೆ. ಆ ಮಾತ್ರೆಯನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ಒಂದೇ ಮಾತ್ರೆಗೆ ಸತ್ತುಹೋಗುತ್ತದೆ. ಆದ್ದರಿಂದ ಜ್ವರ ಬಂದರೆ ನಾವು ಹಣೆಗೆ ಒದ್ದೆಬಟ್ಟೆ ಹಾಕಿ ನರಳುತ್ತೇವೆ. ಹೊರಗಿನ ನೆಂಟರು ಬಂದರೆ ಮೊದಲು ಅವರ ಚೀಲದಲ್ಲಿ ಆ ಮಾತ್ರೆ ಇದೆಯೇ ಎಂದು ಕೇಳಿಯೇ ಒಳಗೆ ಕರೆಯುವುದು.

ನಾನು ಹೊನ್ನಮ್ಮ. ಪೇಟೆಬೀದಿಯ ಹಿಟ್ಟಿನ ಗಿರಣಿ ನನ್ನದು. ಯಜಮಾನರು ಹೋದಮೇಲೆ ನಾನೇ ನಡೆಸುತ್ತಿದ್ದೇನೆ. ನನ್ನ ತಮ್ಮ ಓಬಳೇಶ ಅಂಗಡಿಗಳ ಬೋರ್ಡು ಬರೆಯುವವನು. ನಮ್ಮವ್ವ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿದವಳು, ಅನ್ನ ಕಲಸಿ ಬಾಯಿಗಿಟ್ಟವಳು ನಾನು. ಅವನ ಎರಡೂ ಕಿಡ್ನಿ ಕೆಟ್ಟವೆಂದು ಗೊತ್ತಾದಾಗ ಒಂದು ಕಿಡ್ನಿ ಕೊಟ್ಟವಳೂ ನಾನೇ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಮ್ಮೂರಿನ ಕಟ್ಟಳೆ ಹೇಳಿದರೆ ಅಲ್ಲಿನ ಡಾಕ್ಟರುಗಳು ನಕ್ಕರು. ಅವನಿಗೇ ಮಾತ್ರೆ ನುಂಗಿಸಿದರು, ರಕ್ತದಲ್ಲಿ ಒಂದು ಚೂರೂ ಕಾಣಲಿಲ್ಲ. ಆಮೇಲೆ ನಾದಿನಿ ಪಾರಿಜಾತ ಊಟದ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಜಮಾದಾರನನ್ನು ಒಳಕ್ಕೆ ತಂದಳು. ಜಮಾದಾರ ಎಂದರೆ ಓಬಳೇಶನ ಬೆಕ್ಕು, ಬೂದುಬಣ್ಣ, ಮೂತಿಯ ಎರಡೂ ಕಡೆ ತಿರುವಿದ ಮೀಸೆಯ ಹಾಗೆ ಕಪ್ಪು ಮಚ್ಚೆ. ಮಂಚದ ಕೆಳಗೆ ಕೂತು ಅದು ಮದ್ದು ನುಂಗಿತು, ಮೇಲೆ ಮಲಗಿದ್ದವನ ಮೈಗೆ ಮದ್ದು ಏರಿತು. ಆ ದಿನ ಅವಳ ಜಾಣತನವನ್ನು ನಾನೇ ಎಲ್ಲರೆದುರು ಹೊಗಳಿದ್ದೆ.

ಆ ಮದ್ದು ಏನು ಮಾಡುತ್ತದೆಂದು ನಮ್ಮೂರಿನ ಡಾಕ್ಟರ್ ಇನಾಯತುಲ್ಲಾ ಸಾಹೇಬರು ಬಿಡಿಸಿ ಹೇಳಿದ್ದರು. ಅವರು ಮನುಷ್ಯರನ್ನೂ ನೋಡುತ್ತಾರೆ, ಬೆಕ್ಕುಗಳನ್ನೂ ನೋಡುತ್ತಾರೆ. ನಮ್ಮೂರಿನಲ್ಲಿ ಎರಡನ್ನೂ ಕಲಿಯದವನು ಡಾಕ್ಟರೇ ಅಲ್ಲ. "ಮೈಗೆ ಅನುಮಾನ ಜಾಸ್ತಿ ಹೊನ್ನಮ್ಮ. ಯಾರದೋ ಕಿಡ್ನಿ ಬಂದು ಒಳಗೆ ಕೂತ್ರೆ, ಇವನ್ಯಾವನೋ ಕಳ್ಳ ಅಂತ ಹೊಡೆಯೋಕೆ ಏಳುತ್ತೆ. ಒಡಹುಟ್ಟಿದ ಅಕ್ಕನದು ಅಂದ್ರೂ ಕೇಳಲ್ಲ. ಈ ಮದ್ದು ಮೈಯ ಕಾವಲುಗಾರನಿಗೆ ತೂಕಡಿಕೆ ಬರಿಸುತ್ತೆ, ಅಷ್ಟೇ. ಮದ್ದು ತಪ್ಪಿದ್ರೆ ಅವನು ಎದ್ದ ಅಂತಲೇ ಲೆಕ್ಕ." ಕಾವಲುಗಾರ ತೂಕಡಿಸುವಾಗ ಬೇರೆ ರೋಗವೂ ಸುಲಭವಾಗಿ ನುಗ್ಗುತ್ತದಂತೆ. ಅದಕ್ಕೇ ಓಬಳೇಶ ಬೆಕ್ಕನ್ನು ಮುಟ್ಟಬಾರದು, ಅದರ ಉಗುರು ತಾಗಬಾರದು, ಅದು ಹೇತ ಮಣ್ಣಿನ ಹತ್ತಿರವೂ ಸುಳಿಯಬಾರದು. ಬೆಕ್ಕಿಗೆ ಹಸಿಮಾಂಸ ಹಾಕಬಾರದು, ಇಲಿ ಹಿಡಿಯಲು ಬಿಡಬಾರದು. ಎಲ್ಲವನ್ನೂ ಪಾರಿಜಾತಳೇ ನೋಡಿಕೊಳ್ಳುತ್ತಿದ್ದಳು. ಅವಳ ಸ್ವಂತ ಬೆಕ್ಕು ಆಪರೇಷನ್ನಿಗೆ ಮುಂಚೆಯೇ ಮುಪ್ಪಾಗಿ ತೀರಿಕೊಂಡಿತ್ತು. ಮನೆಯಲ್ಲಿ ಇಂಥ ರೋಗಿ ಇರುವಾಗ ಹೊಸ ಮರಿ ತರಕೂಡದೆಂದು ಡಾಕ್ಟರು ಹೇಳಿದ್ದರಿಂದ ಅವಳು ಬೆಕ್ಕಿಲ್ಲದೆಯೇ ಇದ್ದಳು. ತಲೆನೋವು ಬಂದರೂ ಸಹಿಸಿಕೊಂಡು ಓಡಾಡುತ್ತಿದ್ದಳು.

ಮೊದಲ ಒಂದು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಓಬಳೇಶ ಮತ್ತೆ ಏಣಿ ಹತ್ತಿ ಬೋರ್ಡು ಬರೆಯತೊಡಗಿದ. ನೀರು ಎರಚಿದ್ದನ್ನು ಕಂಡ ವಾರದಲ್ಲೇ ಅವನ ಪಾದ ಊದಿಕೊಂಡಿತು. ಚಪ್ಪಲಿಯ ಬಾರು ಬಿಗಿಯಾಯಿತೆಂದು ಬರಿಗಾಲಲ್ಲಿ ಗಿರಣಿಗೆ ಬಂದ. ನಾನೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ಮದ್ದು ಅರ್ಧಕ್ಕೂ ಕಮ್ಮಿ ಇದೆಯಲ್ಲ. ಬೆಕ್ಕಿಗೆ ಸರಿಯಾಗಿ ಕೊಡ್ತಿದ್ದೀರೇನ್ರಪ್ಪ?"

"ಪಾರಿಜಾತ ಕೊಡ್ತಾಳೆ ಸಾರ್. ಒಂದು ದಿನಾನೂ ತಪ್ಪಿಸಿಲ್ಲ" ಎಂದ ಓಬಳೇಶ.

"ಹಂಗಂತ ನಿನಗೆ ಹೆಂಗೆ ಗೊತ್ತು? ನೀನು ನೋಡಿದ್ದೀಯ?" ಎಂದು ನಾನು ಕೇಳಿದೆ. ಅವನು ನನ್ನ ಮುಖ ನೋಡಿದ.

ಡಾಕ್ಟರು ಸಮಾಧಾನದ ಮಾತಾಡಿದರು. ಒಂದೇ ಅಳತೆಯ ಮದ್ದನ್ನು ಎರಡು ಬೆಕ್ಕಿಗೆ ಕೊಟ್ಟರೆ ಒಂದರ ರಕ್ತದಲ್ಲಿ ಇಷ್ಟಿದ್ದರೆ ಇನ್ನೊಂದರಲ್ಲಿ ಅದರ ಎರಡರಷ್ಟು ಇರಬಹುದು, ಒಂದೇ ಬೆಕ್ಕಿನಲ್ಲೂ ಇವತ್ತಿನ ಹಾಗೆ ನಾಳೆ ಇರುವುದಿಲ್ಲ ಎಂದರು. ಊಟದ ಜೊತೆ ಕೊಟ್ಟರೆ ಕಮ್ಮಿ ಹತ್ತುತ್ತದೆ, ಖಾಲಿ ಹೊಟ್ಟೆಗೆ ಕೊಟ್ಟರೆ ಜಾಸ್ತಿ. ಮದ್ದು ಕಹಿ, ನಾಲಿಗೆಗೆ ತಾಗಿದರೆ ಬೆಕ್ಕು ಬಾಯ್ತುಂಬ ನೊರೆ ಕಕ್ಕಿ ಹೊರಗೆ ಹಾಕಿಬಿಡುತ್ತದೆ. "ಕಾರಣ ಹತ್ತು ಇರಬಹುದು. ಸುಮ್ಮನೆ ಯಾರ ಮೇಲೂ ಹೋಗಬೇಡಿ" ಎಂದರು, ನಾನು ಏನನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಅವರಿಗೆ ಗೊತ್ತಾಗಿತ್ತು.

ಅವತ್ತಿನಿಂದ ನಾನು ದಿನಾ ಬೆಳಿಗ್ಗೆ ಗಿರಣಿ ತೆರೆಯುವ ಮೊದಲು ತಮ್ಮನ ಮನೆಗೆ ಹೋಗತೊಡಗಿದೆ. "ಇವತ್ತು ನಾನು ಕೊಡ್ತೀನಿ, ತಾ" ಎಂದು ಕೈ ಚಾಚಿದರೆ ಪಾರಿಜಾತ ಮದ್ದಿನ ಡಬ್ಬಿಯನ್ನು ಎದೆಗವಚಿಕೊಂಡಳು. "ಬೇಡ ಅಕ್ಕ, ಅದು ನಿಮಗೆ ಬಗ್ಗಲ್ಲ. ಪರಚಿಬಿಡುತ್ತೆ." ಬೆಕ್ಕನ್ನು ಗೋಣಿತಟ್ಟಿನಲ್ಲಿ ಸುತ್ತಿ ಮೊಣಕಾಲ ನಡುವೆ ಇರುಕಿಕೊಂಡು, ಕತ್ತು ಎತ್ತಿ, ಗಂಟಲಿನ ಹಿಂಭಾಗಕ್ಕೇ ಮದ್ದು ಬಿಟ್ಟು, ಮೂತಿ ಹಿಡಿದು ನುಂಗುವವರೆಗೂ ಬಿಡಳು. ಕೈ ಪಳಗಿತ್ತು. ಅಷ್ಟು ಚೆನ್ನಾಗಿ ಮಾಡಿದ್ದೇ ನನಗೆ ಅನುಮಾನ ತಂದಿತು. ನಾನಿರುವಾಗ ಹೀಗೆ, ನಾನಿಲ್ಲದಾಗ ಹೇಗೋ? ಅವಳು ನೀರಿಗೆ ಹೋದಾಗ ಅಕ್ಕಿಮೂಟೆಯ ಹಿಂದೆ, ಒಲೆಯ ಸಂದಿಯಲ್ಲಿ, ಕಸದ ಪುಟ್ಟಿಯಲ್ಲಿ ಉಗುಳಿದ ಮದ್ದಿನ ಗುರುತು ಇದೆಯೇ ಎಂದು ಹುಡುಕಿದೆ. ಒಂದು ಹನಿ ಅಂಟೂ ಇರಲಿಲ್ಲ. ಮನೆ ಕನ್ನಡಿಯ ಹಾಗಿತ್ತು. ಕಳ್ಳತನ ಮಾಡುವವರೇ ಮನೆ ಅಷ್ಟು ಚೊಕ್ಕಟ ಇಡುವುದು ಎಂದು ನನ್ನ ಮನಸ್ಸು ಹೇಳಿತು.

ನೋಡುತ್ತ ಹೋದಂತೆ ಇನ್ನೂ ಏನೇನೋ ಕಾಣಿಸಿತು. ಒಂದು ದಿನ ಅವಳು ಬೆಕ್ಕಿನ ಹಿಂದೆ ಪೊರಕೆ ಹಿಡಿದು ಓಡುತ್ತಿದ್ದಳು. ಇನ್ನೊಂದು ದಿನ ನಿಂಬೆಹಣ್ಣಿನ ಸಿಪ್ಪೆಯನ್ನು ಸೀರೆಯ ನೆರಿಗೆಗೆ ಉಜ್ಜಿಕೊಳ್ಳುತ್ತಿದ್ದಳು. ಬೆಕ್ಕಿಗೆ ನಿಂಬೆಯ ವಾಸನೆ ಆಗದು ಎಂಬುದು ನಮ್ಮೂರಿನ ಹಸುಗೂಸಿಗೂ ಗೊತ್ತು. ಜಮಾದಾರ ಮೂಗು ಸುಕ್ಕಿಸಿ ಸೀನಿ, ಒಂದು ಸುತ್ತು ಹೋಗಿ, ಮತ್ತೆ ಬಂದು ಅವಳ ಕಾಲಬುಡದಲ್ಲೇ ಕೂರುತ್ತಿತ್ತು. ಮೂಕಪ್ರಾಣಿ, ಹೊಡೆದರೂ ಮುದ್ದಿಸಿದರೂ ಒಂದೇ ಎಂದು ಮರುಗಿದೆ. ಎಲ್ಲಕ್ಕಿಂತ ಹೆದರಿಕೆ ಆದದ್ದು ಊಟದ ಹೊತ್ತಿಗೆ. ನನಗೂ ಓಬಳೇಶನಿಗೂ ಮೀನುಸಾರು ಬಡಿಸಿ ತಾನು ಬರೀ ಮಜ್ಜಿಗೆ ಅನ್ನ ಕಲಸಿಕೊಂಡು ಮೂಲೆಯಲ್ಲಿ ಕೂತಳು. ಉಪ್ಪಿನಕಾಯಿಯನ್ನೂ ಹಾಕಿಕೊಳ್ಳಲಿಲ್ಲ.

"ನೀನ್ಯಾಕೆ ಸಾರು ಹಾಕ್ಕೊಳ್ಳಲ್ಲ?"

"ಯಾಕೋ ಬೇಡ ಅನ್ಸುತ್ತೆ ಅಕ್ಕ."

ತಾನೇ ಮಾಡಿದ ಸಾರು ತನಗೇ ಬೇಡವಂತೆ. ಓಬಳೇಶ ಚಪ್ಪರಿಸಿಕೊಂಡು ತಿನ್ನುತ್ತಿದ್ದ. ನಾನು ಹೊಟ್ಟೆನೋವೆಂದು ತಟ್ಟೆ ಎತ್ತಿದೆ. ಸಂಜೆ ಅವನನ್ನು ಗಿರಣಿಗೆ ಕರೆಸಿ, "ನಿನ್ನ ಹೆಂಡತಿ ನಿನಗೆ ಸಾರಲ್ಲಿ ಏನೋ ಮದ್ದು ಹಾಕ್ತಿದ್ದಾಳೆ ಕಣೋ" ಎಂದೆ. ಅವನು ಹಿಟ್ಟಿನ ಮೂಟೆಯ ಮೇಲೆ ಕೂತು ಉಗುರಿಗಂಟಿದ ಬಣ್ಣ ಕೆರೆದ. ಆಮೇಲೆ, "ಅಕ್ಕ, ನಿನ್ನ ಕಿಡ್ನಿ ನನ್ನ ಹೊಟ್ಟೇಲಿದೆ. ಅದಕ್ಕೇ ಬಾಯಿ ಮುಚ್ಕೊಂಡು ಕೇಳಿಸ್ಕೊಂಡೆ. ಇನ್ನೊಂದು ಸಲ ಈ ಮಾತು ಆಡಬೇಡ" ಎಂದು ಎದ್ದುಹೋದ. ಅವನ ಮುಖವೂ ಊದಿಕೊಂಡಿತ್ತು. ಕಣ್ಣು ಸಣ್ಣಗಾಗಿದ್ದವು.

ಬಾಯಿಮಾತಿನಿಂದ ಆಗದು, ಸಾಕ್ಷಿಯೇ ಬೇಕು ಎಂದು ನಿಶ್ಚಯ ಮಾಡಿದೆ. ಪಾರಿಜಾತ ಸಂತೆಗೆ ಹೋದದ್ದನ್ನು ನೋಡಿಕೊಂಡು ಜಮಾದಾರನನ್ನು ಬುಟ್ಟಿಗೆ ಹಾಕಿ, ಮೇಲೆ ಮೊರ ಮುಚ್ಚಿ, ಡಾಕ್ಟರ ಹತ್ತಿರ ಹೊತ್ತೊಯ್ದೆ. ದಾರಿಯುದ್ದಕ್ಕೂ ಅದು ಕೂಗಿತು, ನನ್ನ ಮಣಿಕಟ್ಟು ಪರಚಿತು. "ಇದರ ರಕ್ತ ನೋಡಿ ಸಾಹೇಬ್ರೇ. ಇದರ ಮೈಯಲ್ಲಿ ಮದ್ದು ಇಲ್ಲ ಅಂತಾದ್ರೆ ಅವಳು ಕೊಡ್ತಿಲ್ಲ ಅಂತಾಯ್ತು. ನಾನು ಪಂಚಾಯ್ತಿ ಸೇರಿಸ್ತೀನಿ." ಡಾಕ್ಟರಿಗೆ ಇಷ್ಟವಿರಲಿಲ್ಲ, ಆದರೂ ಅದರ ಮುಂಗಾಲಿನಿಂದ ರಕ್ತ ತೆಗೆದರು. ಮಾರನೆಯ ದಿನ ನಾನು ಹೋದಾಗ ಅವರು ಕುರ್ಚಿ ಎಳೆದು ಕೂರಿಸಿದರು.

"ಬೆಕ್ಕಿನ ರಕ್ತದಲ್ಲಿ ಮದ್ದು ಭರ್ತಿ ಇದೆ. ಎಷ್ಟಿರಬೇಕೋ ಅಷ್ಟೂ ಇದೆ. ಆ ಹುಡುಗಿ ಸರಿಯಾಗೇ ಕೊಡ್ತಿದ್ದಾಳೆ."

"ಮತ್ತೆ ಓಬಳೇಶನ ಮೈಯಲ್ಲಿ ಯಾಕಿಲ್ಲ?"

"ಅದನ್ನೇ ಯೋಚನೆ ಮಾಡ್ತಿದ್ದೆ." ಡಾಕ್ಟರು ದನಿ ತಗ್ಗಿಸಿದರು. "ಬೆಕ್ಕು ಮಗ್ಗುಲು ಬದಲಾಯಿಸಿರಬೇಕು. ಅರ್ಧ ಅವನಿಗೆ ಹೋಗ್ತಿದೆ, ಅರ್ಧ ಇನ್ಯಾರಿಗೋ."

ಬೆಕ್ಕು ಮಗ್ಗುಲು ಬದಲಾಯಿಸುವುದು ನಮ್ಮೂರಿನಲ್ಲಿ ಗಟ್ಟಿಯಾಗಿ ಆಡುವ ಮಾತಲ್ಲ. ಒಬ್ಬರ ಬೆಕ್ಕನ್ನು ಇನ್ನೊಬ್ಬರು ಒಲಿಸಿಕೊಂಡರೆ ಅವರ ಆಯುಸ್ಸನ್ನೇ ಕದ್ದಂತೆ ಎನ್ನುತ್ತಾರೆ. ಹಾಗೆ ಹೆಸರು ಕೆಡಿಸಿಕೊಂಡ ಒಂದು ಮನೆಯವರಿಗೆ ಇವತ್ತಿಗೂ ಯಾರೂ ಹೆಣ್ಣು ಕೊಡುವುದಿಲ್ಲ. "ಯಾರು ಅಂತ ಹೆಂಗೆ ತಿಳ್ಕೊಳ್ಳೋದು?" ಎಂದೆ. ಡಾಕ್ಟರು ಹೇಳಿದರು: "ಯಾರಿಗೆ ಹೋಗ್ತಿದೆಯೋ ಅವರ ಮೈಯ ಕಾವಲುಗಾರನೂ ತೂಕಡಿಸ್ತಿರ್ತಾನೆ. ಸುಮ್ಮಸುಮ್ಮನೆ ನೆಗಡಿ, ಬಾಯಿಹುಣ್ಣು, ಮಾಯದ ಗಾಯ. ಅವರಿಗೂ ಒಳ್ಳೇದಲ್ಲ ಅದು. ಆದಷ್ಟು ಬೇಗ ಕಂಡುಹಿಡೀಬೇಕು, ನಿಮ್ಮ ತಮ್ಮನ ಕಿಡ್ನಿ ಜಾಸ್ತಿ ದಿನ ತಾಳಲ್ಲ."

ಆಮೇಲಿನ ದಿನಗಳಲ್ಲಿ ನಾನು ಬೀದಿಯ ಒಬ್ಬೊಬ್ಬರನ್ನೂ ಕಳ್ಳರನ್ನು ನೋಡುವ ಹಾಗೆ ನೋಡಿದೆ. ಮೊದಲು ನನ್ನ ಬಾಯನ್ನೇ ಕನ್ನಡಿಯಲ್ಲಿ ಅಗಲಿಸಿ ನೋಡಿಕೊಂಡೆ, ಹುಣ್ಣಿರಲಿಲ್ಲ. ಜಮಾದಾರ ಪರಚಿದ ಗಾಯ ಆಗಲೇ ಒಣಗಿ ಹಕ್ಕಳೆ ಉದುರಿತ್ತು. ಆಮೇಲೆ ಓಬಳೇಶನ ಪಕ್ಕದ ಮನೆಯ ಮೀನು ಮಾರುವ ಸುಬ್ಬಕ್ಕನ ಮೇಲೆ ಕಣ್ಣಿಟ್ಟೆ. ಅವಳ ಪುಟ್ಟಿಯ ಸುತ್ತ ಬೆಕ್ಕುಗಳು ತಪ್ಪುತ್ತಲೇ ಇರಲಿಲ್ಲ. ಅವಳು ಹಿಟ್ಟಿಗೆ ಬಂದಾಗ ಸೀನಿದಳು. "ನೆಗಡಿ ಯಾವಾಗಿಂದ?" ಎಂದೆ. "ಹಿಟ್ಟಿನ ಧೂಳಿಗೆ ಕಣೆ" ಎಂದಳು. "ಬಾಯಿ ತೆಗಿ ನೋಡೋಣ" ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊನ್ನಿ, ನಿಂಗೆ ತಲೆ ನೆಟ್ಟಗಿದೆಯಾ?" ಎಂದು ಹಿಟ್ಟು ತೆಗೆದುಕೊಳ್ಳದೆಯೇ ಹೋದಳು. ಬೀಸಲು ಕೊಟ್ಟ ಕಾಳು ಹಾಗೇ ಉಳಿಯಿತು. ಗಿರಾಕಿಗಳು ನಾನು ಮಾತಾಡಿಸಿದರೆ ಬಾಯಿಗೆ ಸೆರಗು ಅಡ್ಡ ಹಿಡಿಯತೊಡಗಿದರು.

ಒಂದು ಮಧ್ಯಾಹ್ನ ಓಬಳೇಶನನ್ನು ನೋಡಲು ಹೋದಾಗ ಅವನು ಮಲಗಿದ್ದ. ಪಾರಿಜಾತ ಬಚ್ಚಲಲ್ಲಿದ್ದಳು. ಹಿತ್ತಿಲ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಅವಳ ಕುಪ್ಪಸದ ಬಲಪಕ್ಕೆಗೆ ಕೆಂಪಗೆ ಒಂದು ಅಗಲವಾದ ಕಲೆ, ಒಗೆದರೂ ಹೋಗದ್ದು. ಮುಟ್ಟಿ ನೋಡಿದೆ, ಮೂಸಿ ನೋಡಿದೆ. ರಕ್ತವಲ್ಲ, ಕೆಮ್ಮಣ್ಣು. ಪಕ್ಕೆಗೆ ಕೆಮ್ಮಣ್ಣು ಬಳಿಯುವುದು ಒಂದೇ ಒಂದು ರೋಗಕ್ಕೆ. ಸರ್ಪಸುತ್ತಿಗೆ. ನನ್ನ ತಲೆಯೊಳಗೆ ಏನೋ ಗಿರ್ರೆಂದು ತಿರುಗಿ ನಿಂತಿತು. ಅವಳು ಉಪ್ಪಿನಕಾಯಿ ಬೇಡ ಅಂದದ್ದು, ಖಾರ ಮುಟ್ಟದೆ ಮಜ್ಜಿಗೆ ಅನ್ನ ನುಂಗಿದ್ದು, ಸೆರಗನ್ನು ಸದಾ ಸೊಂಟಕ್ಕೆ ಎಳೆದುಕೊಂಡೇ ಇದ್ದದ್ದು, ಎಲ್ಲ ಸಾಲಾಗಿ ಬಂದು ನಿಂತವು.

ಅವಳು ಬಚ್ಚಲಿನಿಂದ ಹೊರಗೆ ಬಂದಾಗ ಕುಪ್ಪಸ ನನ್ನ ಕೈಯಲ್ಲಿತ್ತು. ಅವಳ ಮುಖ ಬಿಳಿಚಿಕೊಂಡಿತು.

"ಸೆರಗು ಸರಿಸು" ಎಂದೆ.

"ಅಕ್ಕ, ಬೇಡ."

"ಸರಿಸು ಅಂದೆ."

ಅವಳು ಅಡುಗೆಮನೆಯೊಳಗೆ ಹೋದಳು, ನಾನೂ ಹಿಂದೆಯೇ ಹೋಗಿ ಬಾಗಿಲು ಹಾಕಿದೆ. ಬಲಪಕ್ಕೆಯಿಂದ ಬೆನ್ನಿನವರೆಗೂ ಗುಳ್ಳೆಗಳು, ಒಡೆದವು, ಒಣಗದವು, ಮೇಲೆ ಕೆಮ್ಮಣ್ಣು ಬಿರುಕು ಬಿಟ್ಟಿತ್ತು. ಬಾಯಿ ತೆರೆಯಲು ಹೇಳಿದೆ. ತುಟಿಯ ಒಳಗೆಲ್ಲ ಬಿಳಿ ಹುಣ್ಣು. ಇಂಥ ಮೈಯಲ್ಲಿ ಅವಳು ದಿನಾ ನೀರು ಸೇದಿ, ಮೀನು ತೊಳೆದು, ಬೆಕ್ಕನ್ನು ಮೊಣಕಾಲಲ್ಲಿ ಇರುಕಿಕೊಂಡು ಮದ್ದು ಹಾಕುತ್ತಿದ್ದಳು.

"ನೀನೇ. ನಿಂಗೇ ತಿರುಗಿದೆ ಅದು" ಎಂದೆ.

ಅವಳು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಳು. "ನಾನು ಕರೀಲಿಲ್ಲ ಅಕ್ಕ. ಆಣೆ. ದಿನಾ ಅದರ ಕತ್ತು ಹಿಡಿಯೋದು ನಾನು, ಅನ್ನ ಹಾಕೋದು ನಾನು. ಅವರು ಮುಟ್ಟೋ ಹಾಗಿಲ್ಲ. ನನಗೆ ನನ್ನದೊಂದು ಬೆಕ್ಕು ಇಲ್ಲ. ಒಂದಿನ ಬಂದು ತೊಡೆ ಮೇಲೆ ಮಲಗಿಬಿಡ್ತು. ಅವತ್ತೇ ತಳ್ಳಿದ್ದೆ. ಎಷ್ಟು ಓಡಿಸಿದ್ರೂ ಬರುತ್ತೆ. ನೀರು ಹಾಕ್ದೆ, ಪೊರಕೆ ತಗೊಂಡೆ, ನಿಂಬೆಹಣ್ಣು ಉಜ್ಜಿಕೊಂಡೆ. ಓಡಿಸಿದಷ್ಟೂ ಮೇಲೇ ಬೀಳುತ್ತೆ."

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ? ಅವನು ಸಾಯ್ತಿದ್ದಾನೆ!"

"ಯಾರಿಗೆ ಹೇಳ್ಲಿ?" ಅವಳು ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. "ನಿಮಗಾ? ಗಂಡನ ಬೆಕ್ಕು ಕದ್ದವಳು ಅಂತ ಊರು ಅನ್ನೋಕೆ ಮುಂಚೆ ನೀವೇ ಅಂತಿದ್ರಿ. ಕೊಟ್ಟ ಕಿಡ್ನಿ ವಾಪಸ್ ಕೇಳೋರ ಹಾಗೆ ದಿನಾ ಬೆಳಿಗ್ಗೆ ಬಂದು ನಿಲ್ತಿದ್ರಿ. ಅಕ್ಕಿಮೂಟೆ ಸರಿಸಿದ್ದು, ಒಲೆ ಸಂದೀಲಿ ಕೈ ಹಾಕಿದ್ದು ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ನೀವೇ ಬೆಕ್ಕಿಗೆ ಏನೋ ಮಾಡ್ತಿದ್ದೀರಿ ಅಂತ ನಾನೂ ಅಂದ್ಕೊಂಡಿದ್ದೆ. ಬುಟ್ಟೀಲಿ ಹಾಕ್ಕೊಂಡು ಹೋದ್ರಲ್ಲ, ಸುಬ್ಬಕ್ಕ ಹೇಳಿದ್ಲು. ಅವತ್ತು ಇಡೀ ದಿನ ಅದರ ಬಾಯಿ ಮೂಸಿ ಮೂಸಿ ನೋಡಿದೀನಿ."

ನನಗೆ ಸಿಟ್ಟೂ ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಇಬ್ಬರೂ ಒಂದೇ ಬೆಕ್ಕಿನ ಬಾಯಿ ಮೂಸಿ ನೋಡುತ್ತಿದ್ದೆವು, ಅವನು ಒಳಗೆ ಊದಿಕೊಂಡು ಮಲಗಿದ್ದ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಬೂದುಬಣ್ಣದ ಒಂದು ಪಂಜ ಒಳಕ್ಕೆ ಬಂತು. ಜಮಾದಾರ ಹೊರಗೆ ಕೂತು ಅವಳನ್ನು ಕರೆಯುತ್ತಿತ್ತು. ಪಾರಿಜಾತ ಕಿವಿ ಮುಚ್ಚಿಕೊಂಡಳು.

ನಾನು ಅವಳನ್ನು ಅದೇ ಸೀರೆಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳ ಪಕ್ಕೆ ನೋಡಿ ನಾಲಿಗೆ ಲೊಚಗುಟ್ಟಿದರು. ಹುಣ್ಣಿಗೆ ಮೇಲೆ ಹಚ್ಚಲು ಒಂದು ಲೇಪ ಕೊಟ್ಟರು, ಲೇಪಕ್ಕೆ ಬೆಕ್ಕು ಬೇಕಾಗಿಲ್ಲ. "ಹಾಗಾದ್ರೆ ಇನ್ನು ಮೇಲೆ ನಾನೇ ಮದ್ದು ಹಾಕ್ತೀನಿ" ಎಂದೆ ನಾನು. ಡಾಕ್ಟರು ತಲೆಯಲ್ಲಾಡಿಸಿದರು. "ಅವನು ಮುಟ್ಟದೇ ಇದ್ರೆ, ಇವತ್ತು ಇವಳಿಗೆ ತಿರುಗಿದ್ದು ನಾಳೆ ನಿಮಗೆ ತಿರುಗುತ್ತೆ. ಅನ್ನ ಹಾಕೋ ಕೈ, ಕತ್ತು ಹಿಡಿಯೋ ಕೈ ಓಬಳೇಶನದ್ದೇ ಆಗಬೇಕು. ಇವಳು ಆ ಮನೇಲಿ ಇರಕೂಡದು, ಇವಳ ವಾಸನೆಯೂ ಇರಕೂಡದು."

"ನೀವೇ ಅಲ್ವಾ ಸಾಹೇಬ್ರೇ ಮುಟ್ಟಬೇಡ ಅಂದಿದ್ದು? ಉಗುರು ತಾಗಿದ್ರೆ ಸಾಯ್ತಾನೆ ಅಂದಿದ್ದು?"

"ಹೌದು, ನಾನೇ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಾಗಿದ್ರೆ ಸಾಯಬಹುದು. ಮುಟ್ಟದೇ ಇದ್ರೆ ಸಾಯೋದು ಗ್ಯಾರಂಟಿ. ಎರಡರಲ್ಲಿ ಒಂದು ಆರಿಸ್ಕೋಬೇಕು."

ಓಬಳೇಶನಿಗೆ ಹೇಳುವುದು ಸುಲಭವಾಗಲಿಲ್ಲ. ಹೆಂಡತಿಯ ಪಕ್ಕೆಯ ಸುದ್ದಿ ಕೇಳಿ ಅವನು ಮಗುವಿನ ಹಾಗೆ ಅತ್ತ. ಬೆಕ್ಕಿನ ಕತ್ತು ನೀನೇ ಹಿಡಿಯಬೇಕು ಎಂದಾಗ ಅಳು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. ಅವ್ವ ಹೋದಾಗಿನಿಂದ ಅವನ ಬೆಕ್ಕುಗಳಿಗೆ ಮದ್ದು ಹಾಕಿದವಳು ಮೊದಲು ನಾನು, ಆಮೇಲೆ ಅವಳು. "ಅದು ನನ್ನ ಕಚ್ಚುತ್ತೆ ಅಕ್ಕ" ಎಂದ. ನಾನು ಗಿರಣಿಯಲ್ಲಿ ಯಂತ್ರದ ಪಟ್ಟಾ ಬದಲಾಯಿಸುವಾಗ ಹಾಕಿಕೊಳ್ಳುವ ದಪ್ಪ ತೊಗಲಿನ ಕೈಗವಸುಗಳನ್ನು ತಂದು ಅವನ ಮುಂದಿಟ್ಟೆ. ಪಾರಿಜಾತ ಹೊಸಿಲ ಆಚೆ, ಬೀದಿಯಲ್ಲಿ ನಿಂತು ಹೇಳಿಕೊಟ್ಟಳು. "ಗೋಣಿತಟ್ಟು ಮೊದಲು ಬಿಸಿಲಿಗೆ ಇಡಿ, ಬೆಚ್ಚಗಿದ್ರೆ ಒದ್ದಾಡಲ್ಲ. ಬಾಯಿ ಪಕ್ಕದಿಂದ ಬೆರಳು ಹಾಕಿ, ಮುಂದಿನಿಂದ ಅಲ್ಲ. ನಾಲಿಗೆಗೆ ತಾಗಿಸಬೇಡಿ. ಊಟಕ್ಕೆ ಮುಂಚೆ, ಊಟ ಆಮೇಲೆ." ಆಮೇಲೆ ಬಾಗಿಲು ಮುಚ್ಚಿದೆವು. ಒಳಗಿನಿಂದ ಬೆಕ್ಕಿನ ಗುರುಗುಟ್ಟುವಿಕೆ, ತಟ್ಟೆ ಉರುಳಿದ ಸದ್ದು, ಓಬಳೇಶನ ಬೈಗುಳ ಕೇಳಿಸಿದವು. ನಾವಿಬ್ಬರೂ ಜಗಲಿಯ ಮೇಲೆ ಅಕ್ಕಪಕ್ಕ ಕೂತಿದ್ದೆವು. ಒಮ್ಮೆ ಅವಳು ಏಳಲು ಹೋದಳು, ನಾನು ಅವಳ ಕೈ ಹಿಡಿದು ಕೂರಿಸಿದೆ. ಇನ್ನೊಮ್ಮೆ ನಾನು ಏಳಲು ಹೋದೆ, ಅವಳು ಕೂರಿಸಿದಳು. ಮೊದಲ ದಿನ ಅರ್ಧ ಮದ್ದು ನೊರೆಯಾಗಿ ಅವನ ಅಂಗಿಯ ಮೇಲೆ ಬಿದ್ದಿತ್ತು.

ಪಾರಿಜಾತ ನನ್ನ ಮನೆಗೆ ಬಂದಳು. ಊರು ಮಾತಾಡಿತು. ಗಂಡನ ಬೆಕ್ಕು ಕದ್ದವಳನ್ನು ಹೊನ್ನಮ್ಮ ಮನೆಗೆ ಸೇರಿಸಿಕೊಂಡಿದ್ದಾಳೆ ಎಂದು ಸುಬ್ಬಕ್ಕನೇ ಮೊದಲು ಹೇಳಿದ್ದು. ನಾನು ಗಿರಣಿಯ ಬಾಗಿಲಲ್ಲಿ ನಿಂತು, "ಅವಳನ್ನ ಅನ್ನೋರ ಕಾಳು ನನ್ನ ಗಿರಣೀಲಿ ಬೀಸಲ್ಲ" ಎಂದೆ. ಊರಿನಲ್ಲಿ ಬೇರೆ ಗಿರಣಿ ಇಲ್ಲ. ಹಾಗೆಂದ ಮಾತ್ರಕ್ಕೆ ನನ್ನ ಅನುಮಾನ ಪೂರ್ತಿ ಹೋಗಿತ್ತು ಎಂದಲ್ಲ. ಅವಳು ನನ್ನ ಬೆಕ್ಕಿನ ಹತ್ತಿರ ಕೂತರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಅವಳಿಗೂ ಅದು ಗೊತ್ತಾಗಿ ನನ್ನ ಬೆಕ್ಕು ಬಂದರೆ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು. ಒಂದು ಸಂಜೆ ಅವಳ ಬೆನ್ನಿಗೆ ಲೇಪ ಹಚ್ಚುತ್ತಿದ್ದಾಗ ಕೇಳಿದಳು.

"ಅಕ್ಕ, ನಾನು ಅವರನ್ನ ಸಾಯಿಸ್ತಿದ್ದೀನಿ ಅಂತ ನೀವು ನಿಜವಾಗ್ಲೂ ನಂಬಿದ್ರಾ?"

"ನಂಬಿದ್ದೆ."

"ಮತ್ತೆ ನಿಮ್ಮ ಮನೇಲಿ ಯಾಕೆ ಇಟ್ಕೊಂಡ್ರಿ?"

"ಇಷ್ಟು ಹುಣ್ಣು ಇಟ್ಕೊಂಡು ಮೀನು ತೊಳೆದವಳಲ್ಲ ನೀನು, ಅದಕ್ಕೆ. ಅಲ್ಲಾಡಬೇಡ, ಲೇಪ ಒರೆಸಿ ಹೋಗುತ್ತೆ" ಎಂದೆ. ಅವಳು ಅಲ್ಲಾಡದೆ ಕೂತಳು.

ಓಬಳೇಶ ಒಮ್ಮೆ ಪರಚಿಸಿಕೊಂಡ. ಕೈಗವಸು ಜಾರಿ ಉಗುರು ಮಣಿಕಟ್ಟಿಗೆ ತಾಗಿ, ಕೈ ಮೊಣಕೈಯವರೆಗೆ ಕೆಂಪಾಗಿ ಊದಿ, ಜ್ವರ ಬಂತು. ಡಾಕ್ಟರು ಬಂದು ಜಮಾದಾರನಿಗೇ ಸೂಜಿಮದ್ದು ಚುಚ್ಚಿದರು. ಅವನು ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಮಲಗಿದ್ದಾಗ ಪಾರಿಜಾತ ನಮ್ಮ ಮನೆಯ ಕಿಟಕಿಯ ಹತ್ತಿರ ನಿಂತೇ ಇದ್ದಳು. ನಾನು ಹೋಗಿ ನೋಡಿಕೊಂಡು ಬಂದು ಹೇಳಬೇಕು, ಅವಳು ನನ್ನ ಮುಖ ನೋಡಿ ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಅಳೆಯಬೇಕು. ಜ್ವರ ಇಳಿಯಿತು. ಆ ಮಲಗಿದ್ದ ದಿನಗಳಲ್ಲೇ ಬೆಕ್ಕು ಅವನ ಕಾಲಬುಡಕ್ಕೆ ಬಂದು ಸುರುಳಿ ಸುತ್ತಿಕೊಂಡಿತಂತೆ. ಓಡಿಸುವ ಶಕ್ತಿ ಅವನಿಗಿರಲಿಲ್ಲ, ಕರೆಯುವ ಶಕ್ತಿಯೂ ಇರಲಿಲ್ಲ. ಅದಕ್ಕೇ ಬಂದಿತೋ ಏನೋ. ಬೆಕ್ಕಿನ ಮನಸ್ಸು ಯಾರಿಗೆ ತಿಳಿದಿದೆ.

ಮುಂದಿನ ರಕ್ತ ಪರೀಕ್ಷೆಯಲ್ಲಿ ಮದ್ದು ಸ್ವಲ್ಪ ಏರಿತ್ತು. ಅದರ ಮುಂದಿನದರಲ್ಲಿ ಇರಬೇಕಾದಷ್ಟು ಇತ್ತು. ಕಿಡ್ನಿಗೆ ಒಂದಿಷ್ಟು ಪೆಟ್ಟಾಗಿದೆ, ಆದರೆ ನಿಂತುಕೊಂಡಿದೆ ಎಂದರು ಡಾಕ್ಟರು. ಓಬಳೇಶನ ಪಾದದ ಊತ ಇಳಿಯಿತು. ಇತ್ತ ಪಾರಿಜಾತಳ ಪಕ್ಕೆಯ ಹುಣ್ಣು ಮಾಯ್ದು ಕಪ್ಪು ಕಲೆಯಾಯಿತು. ಒಂದು ದಿನ ಅವಳು ನನ್ನ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಗೇ ಬೆರಳು ಅದ್ದಿ ಚೀಪಿದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಅವಳನ್ನು ಗಂಡನ ಮನೆಗೆ ನಾನೇ ಕರೆದುಕೊಂಡು ಹೋದೆ. ಓಬಳೇಶ ಜಗಲಿಯಲ್ಲಿ ಹಲಗೆಯ ಮೇಲೆ ಯಾವುದೋ ಹೋಟೆಲಿನ ಹೆಸರು ಬರೆಯುತ್ತ ಕೂತಿದ್ದ. ಹೆಗಲ ಮೇಲೆ ಜಮಾದಾರ, ಅದರ ಬಾಲದ ತುದಿಗೆ ಹಳದಿ ಬಣ್ಣ ಅಂಟಿತ್ತು. ಪಾರಿಜಾತ ಮೆಟ್ಟಿಲ ಮೇಲೆ ನಿಂತಳು, ಹತ್ತಿರ ಹೋಗಲು ಅವಳಿಗೆ ಹೆದರಿಕೆ. ಬೆಕ್ಕು ಕೆಳಗೆ ಹಾರಿ ಅವಳ ಕಡೆಗೆ ನಡೆದು ಬಂತು. ನಾವು ಮೂವರೂ ಉಸಿರು ಹಿಡಿದೆವು. ಅದು ಅವಳ ಸೀರೆಯ ಅಂಚನ್ನು ಮೂಸಿತು, ಗುರುತಿಲ್ಲದವರನ್ನು ನೋಡುವ ಹಾಗೆ ತಲೆಯೆತ್ತಿ ನೋಡಿತು, ಪಕ್ಕಕ್ಕೆ ಸರಿದು ಬಿಸಿಲಿನಲ್ಲಿ ಮಲಗಿಕೊಂಡಿತು.

"ಸದ್ಯ, ಮರೆತುಬಿಟ್ಟಿದೆ" ಎಂದ ಓಬಳೇಶ.

"ಹೌದು, ಒಳ್ಳೇದಾಯ್ತು" ಎಂದಳು ಪಾರಿಜಾತ. ಊಟದ ಬುಟ್ಟಿಯಲ್ಲಿ ಮುಚ್ಚಿಕೊಂಡು ಅದನ್ನು ಆಸ್ಪತ್ರೆಯೊಳಕ್ಕೆ ತಂದವಳು ಅವಳು. ಸೀರೆಯ ಅಂಚನ್ನು ಒಮ್ಮೆ ಕೊಡವಿ, ನಮ್ಮಿಬ್ಬರ ಮುಖವನ್ನೂ ನೋಡದೆ ಒಳಗೆ ಹೋದಳು. ಅಡುಗೆಮನೆಯ ಬಾಗಿಲು ಮುಚ್ಚಿತು. ಪಾತ್ರೆಯ ಸದ್ದಾಗಲಿ, ನೀರಿನ ಸದ್ದಾಗಲಿ ಬಹಳ ಹೊತ್ತು ಕೇಳಿಸಲಿಲ್ಲ. ಓಬಳೇಶ ಕುಂಚ ಹಿಡಿದವನು, "ಏನು ಮಾಡ್ತಿದ್ದಾಳೆ ನೋಡು ಅಕ್ಕ" ಎಂದ.

ನಾನು ನೋಡಲು ಹೋಗಲಿಲ್ಲ. "ಏನಾದ್ರೂ ಮಾಡ್ಲಿ ಬಿಡು. ನೀನು ಬರಿ" ಎಂದು ಬಣ್ಣದ ಡಬ್ಬಿಯನ್ನು ಅವನ ಹತ್ತಿರಕ್ಕೆ ಸರಿಸಿದೆ.